ಚಕ್ರದ ಐಸ್ ಬಾಕ್ಸ್ ತಗೊಳ್ಳೋದು ಹೇಗೆ: ಮೊದಲು ನೆಲ ನೋಡಿ, ಆಮೇಲೆ ಡಬ್ಬ ನೋಡಿ

ಐಸ್ ಬಾಕ್ಸ್ ತಗೊಳ್ಳೋಕೆ ಹೊರಟವರು ಮೊದಲು ಕೇಳೋ ಪ್ರಶ್ನೆ ಒಂದೇ, ಇದ್ರಲ್ಲಿ ಐಸ್ ಎಷ್ಟು ದಿನ ಇರತ್ತೆ. ನಾನೂ ಅದನ್ನೇ ಕೇಳಿದ್ದೆ. ಮುಚ್ಚಳದ ಮೇಲೆ 5 ದಿನ ಅಂತ ಸ್ಟಿಕ್ಕರ್ ಇತ್ತು, ಕೆಳಗೆ ಎರಡು ಚಕ್ರ ಇತ್ತು, ಎಳೆಯೋಕೆ ಹ್ಯಾಂಡಲ್ ಇತ್ತು, ಇನ್ನೇನು ಬೇಕು ಅಂತ ತಗೊಂಡ್ಬಂದೆ. ಮೊದಲನೇ ಟ್ರಿಪ್ಪಲ್ಲೇ ಗಾಡಿ ನಿಲ್ಸಿದ ಜಾಗದಿಂದ ನೀರಿನ ದಡದವರೆಗೆ 200 ಮೀಟರ್ ಮರಳು ಸಿಕ್ತು, ಹತ್ತು ಹೆಜ್ಜೆ ಹೋಗೋಷ್ಟ್ರಲ್ಲಿ ಆ ಪುಟ್ಟ ಪ್ಲಾಸ್ಟಿಕ್ ಚಕ್ರ ಸುತ್ತೋದೇ ನಿಲ್ಸಿ ನೇಗಿಲಿನ ಥರ ಸಾಲು ಹೊಡೀತಾ ಬಂತು, ಇನ್ನೂ ಜೋರಾಗಿ ಎಳೆದಿದ್ದಕ್ಕೆ ಹ್ಯಾಂಡಲ್ ಬುಡದ ಸ್ಕ್ರೂ ಕಿತ್ಕೊಂಡು ಬಂತು, ಕೊನೆಗೆ ಇಬ್ರು ಎರಡು ಕಡೆ ಹಿಡ್ಕೊಂಡು ನಾಲ್ಕು ಸಲ ಇಳಿಸಿ ಎತ್ತಿ ತಗೊಂಡೋದ್ವಿ. ಒಳಗಿನ ಐಸ್ ಬಗ್ಗೆ ನನ್ನ ದೂರಿಲ್ಲ, ಅದು ಚೆನ್ನಾಗೇ ಇತ್ತು. ಚಕ್ರದ ಬಾಕ್ಸ್ ಅಂದ್ರೆ ಅರ್ಧ ಐಸ್ ಬಾಕ್ಸ್, ಇನ್ನರ್ಧ ಗಾಡಿ, ಮತ್ತೆ ನಾವು ಆ ಗಾಡಿ ಭಾಗವನ್ನ ಸರಿಯಾಗಿ ನೋಡೋದೇ ಇಲ್ಲ ಅನ್ನೋದು ನನಗೆ ಅವತ್ತು ಗೊತ್ತಾಯ್ತು.

ಅದಾದ್ಮೇಲೆ ಇನ್ನೂ ಎರಡು ಬಾಕ್ಸ್ ಬಳಸಿದೀನಿ, ಸ್ನೇಹಿತರಿಗೂ ಕೆಲವು ಆರಿಸಿ ಕೊಟ್ಟಿದೀನಿ. ಯಾವ ಕ್ರಮದಲ್ಲಿ ನೋಡಿದ್ರೆ ತಪ್ಪಾಗಲ್ಲ ಅನ್ನೋದನ್ನ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೀತಿದೀನಿ, ದಯವಿಟ್ಟು ಕ್ರಮ ಬದಲಾಯಿಸ್ಬೇಡಿ, ಯಾಕಂದ್ರೆ ಮೊದಲ ಎರಡು ಹೆಜ್ಜೆಯಲ್ಲೇ ಅಂಗಡಿಯಲ್ಲಿರೋ ಮುಕ್ಕಾಲು ಪಾಲು ಬಾಕ್ಸ್ ನಿಮ್ಮ ಪಟ್ಟಿಯಿಂದ ಹೊರಗೆ ಹೋಗತ್ತೆ.

ಹೆಜ್ಜೆ 1: ಎಳೆಯೋ ನೆಲ ಯಾವುದು ಅಂತ ಬರೆದಿಟ್ಕೊಳ್ಳಿ

ಒಂದು ಕಾಗದ ತಗೊಳ್ಳಿ. ಕಳೆದ ಮೂರು ಟ್ರಿಪ್ ನೆನಪು ಮಾಡ್ಕೊಳ್ಳಿ, ಪ್ರತಿ ಸಲ ಗಾಡಿ ಎಲ್ಲಿ ನಿಂತಿತ್ತು, ನೀವು ಕೂತ ಜಾಗ ಎಲ್ಲಿತ್ತು, ಮಧ್ಯೆ ಏನಿತ್ತು, ಎಷ್ಟು ದೂರ ನಡೆದ್ರಿ, ಇಷ್ಟನ್ನ ಬರೀರಿ. ಕಲ್ಪನೆಯ ಟ್ರಿಪ್ ಬೇಡ, ನಿಜವಾಗಿ ಹೋಗಿದ್ದು ಬರೀರಿ, ಯಾಕಂದ್ರೆ ಬಾಕ್ಸ್ ತಗೊಳ್ಳೋವಾಗ ಎಲ್ರ ಮನಸ್ಸಲ್ಲೂ ದೊಡ್ಡ ಕಾಡು ದೊಡ್ಡ ಬೆಟ್ಟ ಇರತ್ತೆ, ನಿಜವಾಗಿ ಹೋಗೋದು ಮಾತ್ರ ಪಾರ್ಕಿಂಗ್ ಪಕ್ಕದ ಹುಲ್ಲಿಗೆ.

ನೆಲವನ್ನ ನಾನು ನಾಲ್ಕು ಥರ ನೋಡ್ತೀನಿ. ಟಾರು, ಕಾಂಕ್ರೀಟು, ಟೈಲ್ಸ್ ಥರ ಗಟ್ಟಿ ಸಪಾಟು ನೆಲ ಒಂದು, ಇಲ್ಲಿ ಯಾವ ಚಕ್ರ ಆದ್ರೂ ಓಡತ್ತೆ. ಹುಲ್ಲು, ಮಣ್ಣಿನ ದಾರಿ, ಜಲ್ಲಿ, ಮರದ ಬೇರು ಇರೋ ಕಾಲುದಾರಿ ಎರಡನೇದು, ಇಲ್ಲಿ ಚಕ್ರದ ಎತ್ತರ ಮುಖ್ಯ. ಮರಳು ಮತ್ತೆ ಕೆಸರು ಮೂರನೇದು, ಇಲ್ಲಿ ಎತ್ತರಕ್ಕಿಂತ ಚಕ್ರದ ಅಗಲ ಮುಖ್ಯ. ನಾಲ್ಕನೇದು ಮೆಟ್ಟಿಲು, ಬಂಡೆ, ದೋಣಿ ಹತ್ತೋ ಹಲಗೆ ಇಂಥವು, ಇಲ್ಲಿ ಚಕ್ರದಿಂದ ಏನೂ ಉಪಯೋಗ ಇಲ್ಲ, ಎತ್ತಲೇಬೇಕು.

ನಿಮ್ಮ ಕಾಗದದಲ್ಲಿ ಬರೀ ನಾಲ್ಕನೇ ಥರ ಇದ್ರೆ, ಇಲ್ಲಾಂದ್ರೆ ಗಾಡಿ ಪಕ್ಕದಲ್ಲೇ ಕೂರೋ ಅಭ್ಯಾಸ ಇದ್ರೆ, ಚಕ್ರದ ಬಾಕ್ಸ್ ಬೇಡ ಅಂತ ನೇರವಾಗಿ ಹೇಳ್ತೀನಿ. ಚಕ್ರ, ಆಕ್ಸಲ್ ಅನ್ನೋ ಚಕ್ರದ ಅಚ್ಚು, ಉದ್ದದ ಹ್ಯಾಂಡಲ್ ಎಲ್ಲ ಸೇರಿ ಬಾಕ್ಸಿನ ತೂಕ ಹೆಚ್ಚಾಗತ್ತೆ, ಚಕ್ರ ಕೂರೋ ಗುಂಡಿ ಒಳಗಿನ ಜಾಗ ತಿನ್ನತ್ತೆ, ಎತ್ತೋಕೂ ಅನಾನುಕೂಲ. ಅಂಥವ್ರಿಗೆ ಚಕ್ರ ಇಲ್ಲದ ಎರಡು ಸಣ್ಣ ಬಾಕ್ಸ್ ಎಷ್ಟೋ ಒಳ್ಳೇದು.

ಹೆಜ್ಜೆ 2: ಲೀಟರ್ ಅಲ್ಲ, ತುಂಬಿದ ತೂಕ ಲೆಕ್ಕ ಹಾಕಿ

ಬಾಕ್ಸ್ ಮೇಲೆ ಕೆಲವು ಕಡೆ ಲೀಟರ್ ಇರತ್ತೆ, ಕೆಲವು ಕಡೆ ಕ್ವಾರ್ಟ್ ಇರತ್ತೆ. ಒಂದು ಕ್ವಾರ್ಟ್ ಅಂದ್ರೆ ಹತ್ತತ್ರ 0.95 ಲೀಟರ್, ಹಾಗಾಗಿ 50 ಕ್ವಾರ್ಟ್ ಬಾಕ್ಸ್ ಅಂದ್ರೆ 47 ಲೀಟರ್. ವ್ಯತ್ಯಾಸ ಸಣ್ಣದು, ಎರಡನ್ನೂ ಒಂದೇ ಅನ್ಕೊಂಡ್ರೂ ನಷ್ಟ ಇಲ್ಲ. ನಷ್ಟ ಆಗೋದು ಬೇರೆ ಕಡೆ. 50 ಲೀಟರ್ ಬಾಕ್ಸಲ್ಲಿ 50 ಲೀಟರ್ ಸಾಮಾನು ಹಿಡಿಯತ್ತೆ ಅಂತ ತಿಳ್ಕೊಳ್ತೀವಿ, ಆದ್ರೆ ಎರಡು ಮೂರು ದಿನ ತಣ್ಣಗಿರ್ಬೇಕು ಅಂದ್ರೆ ಜಾಗದ ಮೂರರಲ್ಲಿ ಎರಡು ಪಾಲು ಐಸಿಗೇ ಬಿಡ್ಬೇಕು, ಉಳಿದ ಒಂದು ಪಾಲು ಅಂದ್ರೆ 16, 17 ಲೀಟರ್ ಮಾತ್ರ ನಿಮ್ಮ ಊಟ, ಹಾಲು, ಬಾಟಲಿಗೆ. ಒಂದೇ ದಿನದ ಟ್ರಿಪ್ ಆದ್ರೆ ಅರ್ಧಕ್ಕರ್ಧ ಸಾಕು.

ಈಗ ತೂಕಕ್ಕೆ ಬನ್ನಿ. 60 ಲೀಟರಿನ ಗಟ್ಟಿ ಬಾಕ್ಸ್ ತಗೊಳ್ಳಿ, ಖಾಲಿ ಬಾಕ್ಸೇ 12 ಕೆಜಿ ಇದೆ ಅನ್ಕೊಳ್ಳಿ. ತುಂಡು ಐಸ್ ನಡುವೆ ಗಾಳಿ ಇರೋದ್ರಿಂದ ಒಂದು ಲೀಟರ್ ಜಾಗಕ್ಕೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಹಿಡಿಯತ್ತೆ, 40 ಲೀಟರ್ ಜಾಗಕ್ಕೆ 22 ಕೆಜಿ ಆಯ್ತು. ಉಳಿದ 20 ಲೀಟರಲ್ಲಿ ಬಾಟಲಿ, ಊಟ ಅಂತ 16 ಕೆಜಿ ಅಂದ್ರೂ ಒಟ್ಟು 50 ಕೆಜಿ. ಐದು ಹತ್ತು ಹೆಜ್ಜೆ ಎಳೆದಾಗ ಇದು ಗೊತ್ತಾಗಲ್ಲ, ಗಾಡಿ ಡಿಕ್ಕಿಗೆ ಎತ್ತಿ ಇಡೋವಾಗ ಗೊತ್ತಾಗತ್ತೆ, ಮತ್ತೆ ಚಕ್ರ ಅಲ್ಲಿ ನಿಮ್ಮ ಸಹಾಯಕ್ಕೆ ಬರಲ್ಲ. ನಿಮ್ಮ ಜೊತೆ ಯಾವಾಗ್ಲೂ ಎತ್ತೋಕೆ ಇನ್ನೊಬ್ರು ಇರ್ತಾರಾ? ಇಲ್ಲ ಅಂದ್ರೆ 35ರಿಂದ 40 ಲೀಟರ್ ಮೇಲೆ ಹೋಗ್ಬೇಡಿ, ಇದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಕುಟುಂಬ ಅಂದ್ರೆ 80 ಲೀಟರಿನ ಒಂದರ ಬದಲು 40ರ ಎರಡು ತಗೊಳ್ಳಿ, ಒಂದ್ರಲ್ಲಿ ಕುಡಿಯೋದು, ಇನ್ನೊಂದ್ರಲ್ಲಿ ಊಟದ್ದು. ಮಕ್ಕಳು ಜ್ಯೂಸಿಗೆ ಅಂತ ಅರ್ಧ ಗಂಟೆಗೊಂದ್ಸಲ ಮುಚ್ಚಳ ತೆಗೆದ್ರೂ ಊಟದ ಬಾಕ್ಸ್ ಮುಚ್ಚೇ ಇರತ್ತೆ.

ಹಾಗೇ ಟೇಪ್ ಹಿಡಿದು ಡಿಕ್ಕಿ ಅಳೆದಿಟ್ಕೊಳ್ಳಿ. ಡಿಕ್ಕಿ ಒಳಗಿನ ಉದ್ದ ಅಗಲ ಅಷ್ಟೇ ಅಲ್ಲ, ಬಾಯಿಯ ಎತ್ತರ ಕೂಡ. ಪೆಟ್ಟಿಗೆ ಮೇಲೆ ಬರೆದಿರೋ ಅಳತೆಯಲ್ಲಿ ಹೊರಗೆ ಚಾಚಿರೋ ಚಕ್ರ, ಹ್ಯಾಂಡಲ್ ಸೇರಿದೆಯೋ ಇಲ್ವೋ ಅಂತ ಕೇಳಿ, ಎಷ್ಟೋ ಸಲ ಸೇರಿರಲ್ಲ. ಒಳಗಿನ ಎತ್ತರಾನೂ ನೋಡಿ, 2 ಲೀಟರಿನ ಬಾಟಲಿ ನಿಲ್ಸಿ ಇಡ್ಬೇಕು ಅಂದ್ರೆ 32 ಸೆಂಟಿಮೀಟರ್ ಹತ್ತತ್ರ ಬೇಕಾಗತ್ತೆ, ನೀವು ಬಳಸೋ ಬಾಟಲಿ ಒಂದು ಕೈಲಿ ಹಿಡ್ಕೊಂಡೇ ಅಂಗಡಿಗೆ ಹೋದ್ರೆ ಇನ್ನೂ ಒಳ್ಳೇದು. ಮಲಗಿಸಿಟ್ಟ ಬಾಟಲಿ ಎಳೆಯೋವಾಗ ಸೋರೋದು ನೋಡಿದ್ರೆ ಈ ಮಾತು ಯಾಕೆ ಹೇಳ್ದೆ ಅಂತ ಅರ್ಥ ಆಗತ್ತೆ.

ಹೆಜ್ಜೆ 3: ಚಕ್ರ, ಇಲ್ಲಿ ಆತುರ ಬೇಡ

ಬಾಕ್ಸನ್ನ ಮಗ್ಗುಲಾಗಿ ಮಲಗಿಸಿ, ಕೂತ್ಕೊಂಡು ಚಕ್ರ ನೋಡಿ. ನಿಂತು ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ.

ಮೊದಲು ಎತ್ತರ. ಒಂದು ಚಕ್ರ ತನ್ನ ಅರ್ಧ ಎತ್ತರದಷ್ಟು ಇರೋ ಅಡ್ಡಿಯನ್ನ ಸಮಕ್ಕೆ ಎಳೆದು ಹತ್ತಿಸೋಕೆ ಎಷ್ಟೇ ಬಲ ಹಾಕಿದ್ರೂ ಆಗಲ್ಲ, ಇದು ಬರೀ ರೇಖಾಗಣಿತ. 10 ಸೆಂಟಿಮೀಟರ್ ಚಕ್ರಕ್ಕೆ 5 ಸೆಂಟಿಮೀಟರ್ ಬೇರು ಗೋಡೆ ಇದ್ದ ಹಾಗೆ, ಅದಕ್ಕಿಂತ ಸಣ್ಣ ಕಲ್ಲಿಗೂ ಪ್ರತಿ ಸಲ ಜಗ್ಗಿ ಹಾರಿಸ್ಬೇಕು. 20 ಸೆಂಟಿಮೀಟರ್ ಚಕ್ರ ಆದ್ರೆ ಅದೇ ಬೇರನ್ನ ಚೆನ್ನಾಗಿ ಜೋರು ಹಾಕಿದ್ರೆ ಹತ್ಕೊಂಡು ಹೋಗತ್ತೆ. ಹಾಗಾಗಿ ಹುಲ್ಲು, ಜಲ್ಲಿ, ಕಾಲುದಾರಿ ನಿಮ್ಮ ಕಾಗದದಲ್ಲಿದ್ರೆ 15 ಸೆಂಟಿಮೀಟರಿಗಿಂತ ಕಮ್ಮಿ ಇರೋದನ್ನ ನೋಡ್ಲೇಬೇಡಿ, 20 ಇದ್ರೆ ನೆಮ್ಮದಿ.

ಆಮೇಲೆ ಅಗಲ. ಮರಳಲ್ಲಿ ಚಕ್ರ ಹೂತುಹೋಗೋದು ಯಾಕೆ ಅಂದ್ರೆ ಅಷ್ಟೂ ಭಾರ ಎರಡು ಬೆರಳಗಲದ ಜಾಗದ ಮೇಲೆ ಬೀಳತ್ತೆ. ಅದೇ ಭಾರ ಅಂಗೈ ಅಗಲಕ್ಕೆ ಹರಡಿದ್ರೆ ಮರಳಿನ ಮೇಲೆ ತೇಲಿದ ಹಾಗೆ ಹೋಗತ್ತೆ. ಪ್ರತಿ ವಾರ ಬೀಚಿಗೆ ಹೋಗೋರು ಕಮ್ಮಿ ಗಾಳಿ ತುಂಬಿದ ಬಲೂನ್ ಟೈರಿನ ಬಾಕ್ಸ್ ನೋಡಿ, ಇಲ್ಲಾಂದ್ರೆ ಬಾಕ್ಸ್ ಯಾವುದಾದ್ರೂ ಇರ್ಲಿ, ಅದನ್ನ ಕೂರ್ಸೋ ಬಲೂನ್ ಟೈರಿನ ಗಾಡಿ ಬೇರೆ ತಗೊಳ್ಳಿ. ಎಲ್ಲಾ ನೆಲಕ್ಕೂ ಅಂತ ಬರೆದಿರೋ ಗಟ್ಟಿ ಕಿರಿದಾದ ಚಕ್ರಗಳನ್ನ ನಂಬಿ ಒಣ ಮರಳಿಗೆ ಇಳೀಬೇಡಿ, ನೀರಿನ ಅಂಚಿನ ಒದ್ದೆ ಗಟ್ಟಿ ಮರಳಲ್ಲಿ ಓಡತ್ತೆ, ಒಣ ಮರಳಲ್ಲಿ ನಿಲ್ಲತ್ತೆ.

ಇನ್ನು ಯಾವುದ್ರಲ್ಲಿ ಮಾಡಿದ್ದು. ಟೊಳ್ಳು ಪ್ಲಾಸ್ಟಿಕ್ ಚಕ್ರ ಹಗುರ, ಆದ್ರೆ ಜಲ್ಲಿ ಮೇಲೆ ಡಬಡಬ ಅಂತ ಕುಣಿದು ಒಳಗಿನ ಮೊಟ್ಟೆ, ಗಾಜಿನ ಬಾಟಲಿಗೆಲ್ಲ ಏಟು ಕೊಡತ್ತೆ, ಬಿಸಿ ಟಾರಿನ ಮೇಲೆ ಸವೆದು ಚಪ್ಪಟೆ ಆಗತ್ತೆ. ಘನ ರಬ್ಬರು, ಫೋಮ್ ತುಂಬಿದ ಚಕ್ರ ಅಲುಗಾಟ ಕಮ್ಮಿ ಮಾಡತ್ತೆ, ಪಂಕ್ಚರ್ ಚಿಂತೆ ಇಲ್ಲ, ನನ್ನ ಈಗಿನ ಬಾಕ್ಸಿಗೆ ಇರೋದು ಇದೇ. ಗಾಳಿ ಟೈರು ಎಲ್ಲಕ್ಕಿಂತ ಮೆತ್ತಗೆ ಓಡತ್ತೆ, ಆದ್ರೆ ಮುಳ್ಳಿನ ದಾರಿಗೆ ಹೋಗೋರು ಪಂಪು, ಪ್ಯಾಚು ಜೊತೆಗಿಟ್ಕೊಳ್ಬೇಕು.

ಆಕ್ಸಲ್ ಮರೀಬೇಡಿ. ಈ ಕಡೆ ಚಕ್ರದಿಂದ ಆ ಕಡೆ ಚಕ್ರದವರೆಗೆ ಒಂದೇ ಲೋಹದ ಸರಳು ಹೋಗಿದೆಯಾ, ಇಲ್ಲ ಎರಡೂ ಕಡೆ ಪ್ಲಾಸ್ಟಿಕ್ ಗೂಟಕ್ಕೆ ಚಕ್ರ ಸಿಕ್ಕಿಸಿದಾರಾ? ಗೂಟ ಇದ್ರೆ ಭಾರ ಹೆಚ್ಚಾದಾಗ ಚಕ್ರ ಒಳಕ್ಕೆ ವಾಲತ್ತೆ, ಆಮೇಲೆ ಗೋಡೆಗೆ ಉಜ್ಜತ್ತೆ, ಒಂದು ದಿನ ಮುರಿಯತ್ತೆ. ಚಕ್ರವನ್ನ ಕೈಲಿ ಹಿಡಿದು ಪಕ್ಕಕ್ಕೆ ಅಲ್ಲಾಡ್ಸಿ, ಸ್ವಲ್ಪ ಆಡೋದು ಸಹಜ, ಲಟಲಟ ಅಂದ್ರೆ ಬೇಡ. ಕೊನೆಗೊಂದು ಪ್ರಶ್ನೆ ಕೇಳಿ, ಚಕ್ರ ಬಿಚ್ಚಿ ಬೇರೆ ಹಾಕೋಕೆ ಆಗತ್ತಾ, ಬಿಡಿಭಾಗ ಸಿಗತ್ತಾ. ಡಬ್ಬ ಎಷ್ಟೋ ವರ್ಷ ಬಾಳತ್ತೆ, ಮೊದಲು ಹೋಗೋದು ಚಕ್ರಾನೇ, ಚಕ್ರ ಸಿಗದೇ ಇದ್ರೆ ಒಳ್ಳೇ ಡಬ್ಬನೂ ಮೂಲೆ ಸೇರತ್ತೆ.

ನೆಲದಿಂದ ಬಾಕ್ಸಿನ ತಳಕ್ಕೆ ಎಷ್ಟು ಅಂತರ ಇದೆ ಅಂತ ಬಾಕ್ಸ್ ಓರೆ ಮಾಡಿ ನೋಡಿ. ಎಳೆಯೋ ಭಂಗಿಯಲ್ಲಿ ತಳದ ಹಿಂದಿನ ಅಂಚು ನೆಲಕ್ಕೆ ತೀರಾ ಹತ್ತಿರ ಬರೋ ಬಾಕ್ಸ್‌ಗಳೂ ಇವೆ, ಅಂಥವು ಪ್ರತಿ ಉಬ್ಬಿಗೂ ತಳ ಕೆರೀತಾ ಬರತ್ತೆ.

ಹೆಜ್ಜೆ 4: ಹ್ಯಾಂಡಲ್ ಹಿಡಿದು ನಿಜವಾಗ್ಲೂ ನಡೆದು ನೋಡಿ

ಶಾಲೆಯಲ್ಲಿ ಕಲಿತ ಸನ್ನೆಗೋಲಿನ ಪಾಠ ಇಲ್ಲಿ ಕೆಲಸಕ್ಕೆ ಬರತ್ತೆ. ಎರಡು ಚಕ್ರದ ಬಾಕ್ಸನ್ನ ಓರೆ ಮಾಡಿ ಎಳೆಯೋವಾಗ ಭಾರದ ಒಂದು ಪಾಲು ಚಕ್ರದ ಮೇಲೆ, ಉಳಿದಿದ್ದು ನಿಮ್ಮ ಕೈ ಮೇಲೆ. ಬಾಕ್ಸ್ 80 ಸೆಂಟಿಮೀಟರ್ ಉದ್ದ ಇದೆ, ಚಕ್ರ ಒಂದು ತುದೀಲಿದೆ, ಭಾರದ ನಡು ಚಕ್ರದಿಂದ 40 ಸೆಂಟಿಮೀಟರ್ ದೂರ ಇದೆ ಅನ್ಕೊಳ್ಳಿ. ಹ್ಯಾಂಡಲ್ ಚಿಕ್ಕದಾಗಿ, ಹಿಡಿ ಚಕ್ರದಿಂದ 100 ಸೆಂಟಿಮೀಟರ್ ದೂರದಲ್ಲಿದ್ರೆ 50 ಕೆಜಿ ಬಾಕ್ಸಲ್ಲಿ ಹತ್ತತ್ರ 20 ಕೆಜಿ ನಿಮ್ಮ ಕೈಗೆ ಬೀಳತ್ತೆ, ಅದೇ ಹಿಡಿ 140 ಸೆಂಟಿಮೀಟರ್ ದೂರದಲ್ಲಿದ್ರೆ 14 ಕೆಜಿಗೆ ಇಳಿಯತ್ತೆ. ಇನ್ನೂ ಒಂದು, ಭಾರದ ಸಾಮಾನೆಲ್ಲ ಚಕ್ರದ ಕಡೆ ತುಂಬಿ ಭಾರದ ನಡುವನ್ನ 30 ಸೆಂಟಿಮೀಟರಿಗೆ ತಂದ್ರೆ 11 ಕೆಜಿ ಸಾಕು. ಬರೀ ಜೋಡಿಸೋ ಕ್ರಮ ಬದಲಾಯಿಸಿ 3 ಕೆಜಿ ಉಳಿಸ್ಬಹುದು ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ, ಬೇಸಿಗೆಯಲ್ಲಿ ಅರ್ಧ ಕಿಲೋಮೀಟರ್ ಎಳೆದವ್ರಿಗೆ ಆ 3 ಕೆಜಿ ಏನು ಅಂತ ಗೊತ್ತಿರತ್ತೆ.

ಹ್ಯಾಂಡಲ್ ಉದ್ದ ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ನಿಮ್ಮ ಹಿಮ್ಮಡಿ. ಅಂಗಡಿಯಲ್ಲಿ ಹತ್ತು ಹೆಜ್ಜೆ ಸಹಜವಾಗಿ ನಡೀರಿ, ಬಾಕ್ಸಿನ ಅಂಚು ಹಿಮ್ಮಡಿಗೆ ತಾಗಿದ್ರೆ ಅದನ್ನ ಅಲ್ಲೇ ಬಿಡಿ. ಮನೆಯಲ್ಲಿ ಎತ್ತರದವರು ಯಾರೋ ಅವರೂ ನಡೆದು ನೋಡ್ಲಿ, ಕುಳ್ಳಗಿರೋರೂ ನೋಡ್ಲಿ.

ಸೂಟ್‌ಕೇಸ್ ಥರ ಒಳಗಿಂದ ಎಳೆಯೋ ಹ್ಯಾಂಡಲ್ ನೋಡೋಕೆ ಚೆನ್ನಾಗಿರತ್ತೆ, ಆದ್ರೆ ಅದರ ಕೊಳವೆಯೊಳಗೆ ಮರಳು ಸೇರಿದ್ರೆ ಅರ್ಧಕ್ಕೆ ಸಿಕ್ಕಾಕೊಳ್ಳತ್ತೆ, ತೆಳು ಪೈಪು ಬಗ್ಗತ್ತೆ. ಮರಳು ಮಣ್ಣಿಗೆ ಹೋಗೋರಿಗೆ ಬಾಕ್ಸಿನ ತುದಿಗೆ ಕೀಲು ಹಾಕಿ ಮಡಚೋ ಲೋಹದ ಎಳೆಗೋಲೇ ಒಳ್ಳೇದು, ಅದರಲ್ಲಿ ಸಿಕ್ಕಿಕೊಳ್ಳೋಕೆ ಏನೂ ಇಲ್ಲ. ಬುಡ ಹೇಗೆ ಕೂರಿಸಿದಾರೆ ಅಂತ ನೋಡಿ, ಬರೀ ಪ್ಲಾಸ್ಟಿಕ್ಕಿಗೆ ತಿರುಗಿಸಿದ ಎರಡು ಸಣ್ಣ ಸ್ಕ್ರೂ ಇದ್ರೆ ಅದು ನನ್ನ ಮೊದಲನೇ ಬಾಕ್ಸ್ ಥರಾನೇ ಕಿತ್ಕೊಂಡು ಬರತ್ತೆ, ಹಿಂದೆ ಲೋಹದ ತಟ್ಟೆ ಇಟ್ಟು ಬೋಲ್ಟ್ ಹಾಕಿರ್ಬೇಕು, ಇಲ್ಲಾಂದ್ರೆ ಡಬ್ಬದ ಮೈಯಲ್ಲೇ ಅಚ್ಚು ಮಾಡಿದ ಕೀಲು ಇರ್ಬೇಕು. ಎರಡೂ ಪಕ್ಕದಲ್ಲಿ ಎತ್ತೋ ಹಿಡಿಗಳೂ ಬೇಕು, ಅದರೊಳಗೆ ನಾಲ್ಕೂ ಬೆರಳು ಸಲೀಸಾಗಿ ಹೋಗ್ಬೇಕು, ಮೆಟ್ಟಿಲು ಬಂದಾಗ ನಿಮ್ಮನ್ನ ಕಾಪಾಡೋದು ಅವೇ.

ಹೆಜ್ಜೆ 5: ಈಗ ಡಬ್ಬ, ಗೋಡೆ ಮತ್ತೆ ಮುಚ್ಚಳ

ಈಗ ಐಸಿನ ಪ್ರಶ್ನೆ ಕೇಳಬಹುದು. ಸ್ಟಿಕ್ಕರಿನ ದಿನಗಳ ಲೆಕ್ಕವನ್ನ ಎರಡು ಬಾಕ್ಸ್ ಹೋಲಿಸೋಕೂ ಬಳಸ್ಬೇಡಿ, ಯಾಕಂದ್ರೆ ಒಬ್ಬರು ಬಾಕ್ಸ್ ತುಂಬಾ ಬರೀ ಐಸ್ ಹಾಕಿ ಮುಚ್ಚಳ ತೆಗೀದೆ ಪರೀಕ್ಷೆ ಮಾಡಿರ್ತಾರೆ, ಇನ್ನೊಬ್ರು ಬೇರೆ ಉಷ್ಣತೆಯಲ್ಲಿ ಬೇರೆ ಥರ ಮಾಡಿರ್ತಾರೆ, ಎಲ್ರಿಗೂ ಒಂದೇ ನಿಯಮ ಇಲ್ಲ. ಬದಲಿಗೆ ಗೋಡೆ ದಪ್ಪ ನೋಡಿ.

ಲೆಕ್ಕ ಸರಳ ಇದೆ. ಒಂದು ಕೆಜಿ ಐಸ್ ಕರಗೋಕೆ 334 ಕಿಲೋಜೂಲ್ ಶಾಖ ಬೇಕು. ಹೊರಗೆ 32 ಡಿಗ್ರಿ, ಒಳಗೆ 2 ಡಿಗ್ರಿ, 50 ಲೀಟರ್ ಆಸುಪಾಸಿನ ಬಾಕ್ಸಿನ ಮೈ ಸುಮಾರು ಒಂದು ಚದರ ಮೀಟರ್ ಅಂತ ಇಟ್ಕೊಂಡ್ರೆ, 3 ಸೆಂಟಿಮೀಟರ್ ದಪ್ಪ ಪಾಲಿಯುರೆಥೇನ್ ಫೋಮಿನ ಗೋಡೆಯಿಂದ ಸುಮಾರು 25 ವ್ಯಾಟ್ ಶಾಖ ಒಳಗೆ ನುಗ್ಗತ್ತೆ, ಅಂದ್ರೆ ದಿನಕ್ಕೆ 6.5 ಕೆಜಿ ಐಸ್ ಕರಗತ್ತೆ. ಗೋಡೆ 5 ಸೆಂಟಿಮೀಟರ್ ಇದ್ರೆ ಅದು 15 ವ್ಯಾಟಿಗೆ, ದಿನಕ್ಕೆ 4 ಕೆಜಿಗೆ ಇಳಿಯತ್ತೆ. ಮುಚ್ಚಳ ತೆಗೆಯೋದು, ಬಿಸಿಲು, ಸಂದಿಯ ಗಾಳಿ ಎಲ್ಲ ಇದರ ಮೇಲೆ ಸೇರತ್ತೆ. ಈಗ ನಿಮ್ಮ ಟ್ರಿಪ್ ಎಷ್ಟು ದಿನ ಅಂತ ನೋಡ್ಕೊಳ್ಳಿ. ಬೆಳಗ್ಗೆ ಹೋಗಿ ಸಂಜೆ ಬರೋರಿಗೆ 3 ಸೆಂಟಿಮೀಟರ್ ಸಾಕೋ ಸಾಕು, ಬಾಕ್ಸ್ ಹಗುರ ಇರತ್ತೆ, ಎತ್ತೋಕೆ ಸುಲಭ. ಮೂರು ನಾಲ್ಕು ದಿನ ಐಸ್ ಸಿಗದ ಕಡೆ ಹೋಗೋರಿಗೆ ಮಾತ್ರ ದಪ್ಪ ಗೋಡೆ, ಅಂದ್ರೆ ಸಾಮಾನ್ಯವಾಗಿ ರೋಟೊಮೋಲ್ಡ್ ಅನ್ನೋ ಬಾಕ್ಸ್. ಪಾಲಿಎಥಿಲೀನ್ ಪುಡಿಯನ್ನ ಬಿಸಿ ಅಚ್ಚಿನಲ್ಲಿ ತಿರುಗಿಸ್ತಾ ತಿರುಗಿಸ್ತಾ ಒಂದೇ ತುಂಡಾಗಿ ಎರಕ ಹೊಯ್ದು ಒಳಗೆ ಫೋಮ್ ತುಂಬ್ತಾರೆ, ಹಾಗಾಗಿ ಗೋಡೆಯಲ್ಲಿ ಜೋಡಿಸಿದ ಸಂದಿ ಇರಲ್ಲ, ಬಹಳ ಗಟ್ಟಿ, ಅಷ್ಟೇ ಭಾರ. ಬರೀ ಅರ್ಧ ದಿನದ ತಿರುಗಾಟಕ್ಕೆ ಇಂಥ ಭಾರ ಎಳೀತಾ ಸುಸ್ತಾಗಿರೋ ಜನರನ್ನ ನೋಡಿ ನಿಜವಾಗ್ಲೂ ಬೇಜಾರಾಗತ್ತೆ.

ಮುಚ್ಚಳವನ್ನ ಬೆರಳ ಗೆಣ್ಣಿಂದ ತಟ್ಟಿ. ತೆಂಗಿನಕಾಯಿ ತಟ್ಟಿ ನೋಡ್ತೀವಲ್ಲ ಹಾಗೆ. ಗೋಡೆ ಡಬ್ ಅಂತ ಮಂದವಾಗಿ, ಮುಚ್ಚಳ ಟಣ್ ಅಂತ ಟೊಳ್ಳಾಗಿ ಕೇಳಿದ್ರೆ ಮುಚ್ಚಳದೊಳಗೆ ಫೋಮ್ ಇಲ್ಲ ಅಂತ ಅರ್ಥ, ಬರೀ ಗಾಳಿ. ಬಿಸಿಲು ಬೀಳೋದೇ ಮುಚ್ಚಳದ ಮೇಲೆ, ಅಲ್ಲೇ ಟೊಳ್ಳಾದ್ರೆ ಗೋಡೆ ಎಷ್ಟು ದಪ್ಪ ಇದ್ದು ಏನು.

ಆಮೇಲೆ ಮುಚ್ಚಳದ ಸುತ್ತ ಇರೋ ರಬ್ಬರ್ ಗ್ಯಾಸ್ಕೆಟ್. ಒಂದು ಕಾಗದದ ಚೂರು ಸಂದಿಯಲ್ಲಿಟ್ಟು ಮುಚ್ಚಿ ಎಳೀರಿ, ಬಿಗಿಯಾಗಿ ಬರ್ಬೇಕು, ನಾಲ್ಕೂ ಕಡೆ, ಮೂಲೆಗಳಲ್ಲೂ ಹೀಗೇ ಮಾಡಿ. ಮನೆಗೆ ತಂದ್ಮೇಲೆ ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಿ, ಎಲ್ಲಾದ್ರೂ ಬೆಳಕಿನ ಗೆರೆ ಕಂಡ್ರೆ ಅಲ್ಲಿಂದಾನೇ ತಂಪು ಹೋಗತ್ತೆ. ಗ್ಯಾಸ್ಕೆಟ್ಟೇ ಇಲ್ಲದ ಬಾಕ್ಸ್‌ಗಳೂ ಬರತ್ತೆ, ಒಂದು ದಿನಕ್ಕೆ ಅಡ್ಡಿ ಇಲ್ಲ, ಎಳೆಯೋವಾಗ ನೀರು ತುಳುಕತ್ತೆ ಅಷ್ಟೇ.

ಚಿಲಕ ಒಂದು ಕೈಲಿ ತೆಗೆಯೋ ಹಾಗಿರ್ಲಿ, ಆದ್ರೆ ಬಾಕ್ಸ್ ಓರೆ ಆದಾಗ ತಾನೇ ತೆಗೆದುಕೊಳ್ಳಬಾರದು. ಕೀಲಿನ ಉದ್ದಕ್ಕೂ ಒಂದೇ ಕಂಬಿ ಇದ್ರೆ ಗಟ್ಟಿ, ಎರಡು ಸಣ್ಣ ಪ್ಲಾಸ್ಟಿಕ್ ಕೀಲು ಇದ್ರೆ ಬೇಗ ಹೋಗತ್ತೆ. ಕರಡಿ ಓಡಾಡೋ ಕಾಡಿಗೆ ಹೋಗೋರು ಆ ಜಾಗದ ನಿಯಮ ಮೊದಲು ತಿಳ್ಕೊಳ್ಳಿ, ಅಮೆರಿಕದ ಇಂಟರ್‌ಏಜೆನ್ಸಿ ಗ್ರಿಜ್ಲಿ ಬೇರ್ ಕಮಿಟಿ ಪರೀಕ್ಷೆ ಮಾಡಿದ ಬಾಕ್ಸ್‌ಗಳ ಪಟ್ಟಿ ಇಟ್ಟಿದೆ, ಅಂಥ ಬಾಕ್ಸ್ ಆದ್ರೂ ಬೀಗ ಹಾಕ್ದೇ ಇದ್ರೆ ಕರಡಿಗೆ ತಡೆ ಅಲ್ಲ.

ನೀರು ಬಿಡೋ ತೂತು ತಳಮಟ್ಟಕ್ಕೇ ಇರ್ಬೇಕು, ಒಂದು ಬೆರಳು ಮೇಲಿದ್ರೂ ಕೊನೇ ನೀರು ಒಳಗೇ ಉಳಿದು ವಾಸನೆ ಬರತ್ತೆ. ಬಿರಡೆಗೆ ದಾರ ಕಟ್ಟಿರ್ಬೇಕು, ಕಳೆದುಹೋಗೋ ಮೊದಲನೇ ಸಾಮಾನು ಅದೇ. ಬಣ್ಣ? ಬಿಳಿ, ಇಲ್ಲಾಂದ್ರೆ ತಿಳಿ ಬಣ್ಣ, ಇದರಲ್ಲಿ ಚರ್ಚೆ ಬೇಡ, ಕಪ್ಪು ಬಿಸಿಲು ಹೀರತ್ತೆ.

ಮೆತ್ತನೆ ಬಟ್ಟೆಯ ಚಕ್ರದ ಬ್ಯಾಗುಗಳ ಬಗ್ಗೆ ಒಂದೇ ಮಾತು, ಪಿಕ್ನಿಕ್ಕಿಗೆ ಸಾಕು, ರಾತ್ರಿ ಕಳೆಯೋಕೆ ಸಾಲದು. ಕರೆಂಟಿನ ಬಾಕ್ಸಲ್ಲಿ ಎರಡು ಜಾತಿ, ಕಂಪ್ರೆಸರ್ ಇರೋದು ಮನೆ ಫ್ರಿಜ್ ಥರ ನಿಜವಾಗ್ಲೂ ತಣ್ಣಗೆ ಮಾಡತ್ತೆ, ಪೆಲ್ಟಿಯರ್ ತಂತ್ರದ್ದು, ಅಂದ್ರೆ ಕಂಪ್ರೆಸರ್ ಇಲ್ಲದೆ ಕರೆಂಟಿಂದ ನೇರ ತಣ್ಣಗಾಗೋ ಬಿಲ್ಲೆ ಇರೋದು, ಹೊರಗಿನ ಉಷ್ಣತೆಗಿಂತ ಹತ್ತಿಪ್ಪತ್ತು ಡಿಗ್ರಿ ಮಾತ್ರ ಇಳಿಸತ್ತೆ, 38 ಡಿಗ್ರಿ ಬಿಸಿಲಲ್ಲಿ ಅದ್ರಲ್ಲಿಟ್ಟ ಮಾಂಸವನ್ನ ನಾನು ತಿನ್ನಲ್ಲ.

ಹೆಜ್ಜೆ 6: ತಂದ ವಾರದಲ್ಲೇ ಪರೀಕ್ಷೆ ಮಾಡಿ

ವಾಪಸ್ ಕೊಡೋ ಅವಧಿ ಮುಗಿಯೋಕೆ ಮುಂಚೆ ಇದನ್ನ ಮಾಡಿ, ಟ್ರಿಪ್ ದಿನಕ್ಕೆ ಕಾಯ್ಬೇಡಿ. ನೀರು ತುಂಬಿದ ಬಾಟಲಿಗಳನ್ನ ಒಳಗಿಡಿ, ಒಂದು ಲೀಟರ್ ನೀರು ಒಂದು ಕೆಜಿ, ಹಾಗಾಗಿ ತೂಕದ ಯಂತ್ರ ಬೇಕಾಗಿಲ್ಲ. ನಿಮ್ಮ ಲೆಕ್ಕದ ಪೂರ್ತಿ ಭಾರ ಹಾಕಿ ಅರ್ಧ ಕಿಲೋಮೀಟರ್ ಎಳೀರಿ, ನಿಮ್ಮ ಕಾಗದದಲ್ಲಿರೋ ಥರದ ನೆಲ ಹುಡುಕಿ ಅಲ್ಲೇ ಎಳೀರಿ, ಒಂದು ಮೆಟ್ಟಿಲು ಹತ್ತಿಸಿ, ತಿರುಗಿಸಿ. ಮಗುಚಿ ಬೀಳತ್ತಾ, ಹ್ಯಾಂಡಲ್ ಬಗ್ಗತ್ತಾ, ಚಕ್ರ ಉಜ್ಜತ್ತಾ ಅಂತ ನೋಡಿ. ಆಮೇಲೆ ಇಬ್ರು ಸೇರಿ ಡಿಕ್ಕಿಗೆ ಎತ್ತಿ ಇಟ್ಟು ಮುಚ್ಚಿ ನೋಡಿ.

ಐಸ್ ಪರೀಕ್ಷೆಗೆ 10 ಕೆಜಿ ಐಸ್ ಹಾಕಿ ಮುಚ್ಚಿ 24 ಗಂಟೆ ಬಿಡಿ, ತೂತಿಂದ ಬಂದ ನೀರನ್ನ ಲೀಟರ್ ಅಳತೆಯಲ್ಲಿ ಅಳೀರಿ. 3 ಲೀಟರ್ ನೀರು ಬಂತು ಅಂದ್ರೆ 3 ಕೆಜಿ ಕರಗಿದೆ. ಮೊದಲನೇ ದಿನ ಬಾಕ್ಸಿನ ಮೈ ತಣ್ಣಗಾಗೋಕೇ ಒಂದಷ್ಟು ಐಸ್ ಹೋಗತ್ತೆ, ಅದನ್ನ ಮನಸ್ಸಲ್ಲಿಟ್ಕೊಂಡು ಓದಿ. ಈ ಸಂಖ್ಯೆ ಬಾಕ್ಸ್ ಒಳಮುಚ್ಚಳದ ಮೇಲೆ ಬರೆದಿಟ್ಕೊಂಡ್ರೆ ಮುಂದಿನ ಪ್ರತಿ ಟ್ರಿಪ್ಪಿಗೆ ಎಷ್ಟು ಐಸ್ ಬೇಕು ಅಂತ ಅಂದಾಜು ಸಿಗತ್ತೆ.

ಹೆಜ್ಜೆ 7: ತುಂಬೋದು

ಒಳ್ಳೇ ಬಾಕ್ಸ್ ತಗೊಂಡು ಬಿಸಿ ಬಾಟಲಿ ತುಂಬಿದ್ರೆ ಎಲ್ಲಾ ವ್ಯರ್ಥ. 30 ಡಿಗ್ರಿಯ ಒಂದು ಲೀಟರ್ ನೀರನ್ನ 4 ಡಿಗ್ರಿಗೆ ಇಳಿಸೋಕೆ ಹತ್ತತ್ರ 325 ಗ್ರಾಂ ಐಸ್ ಕರಗ್ಬೇಕು, ಅಂಥ ಹತ್ತು ಬಾಟಲಿ ಇಟ್ರೆ ಮನೆ ಬಾಗಿಲು ದಾಟೋ ಮುಂಚೆನೇ 3 ಕೆಜಿ ಐಸ್ ಹೋಯ್ತು ಅನ್ಕೊಳ್ಳಿ. ಎಲ್ಲವನ್ನೂ ಹಿಂದಿನ ರಾತ್ರಿ ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡಿ, ಬಾಕ್ಸ್ ಒಳಗೂ ಒಂದಷ್ಟು ಐಸ್ ಇಟ್ಟು ರಾತ್ರಿಯೆಲ್ಲ ಬಿಡಿ, ಬೆಳಗ್ಗೆ ಆ ನೀರು ಚೆಲ್ಲಿ ಹೊಸ ಐಸ್ ತುಂಬಿ.

ದೊಡ್ಡ ಗಡ್ಡೆ ಐಸ್ ನಿಧಾನ ಕರಗತ್ತೆ, ತುಂಡು ಐಸ್ ಬೇಗ ತಣ್ಣಗೆ ಮಾಡತ್ತೆ, ಎರಡೂ ಬೇಕು. ಗಡ್ಡೆ ತಳದಲ್ಲಿ ಚಕ್ರದ ಕಡೆ, ತುಂಡು ಸಂದಿಯಲ್ಲಿ ಮತ್ತೆ ಮೇಲೆ. ಬಾಟಲಿಯಲ್ಲೇ ನೀರು ಐಸ್ ಮಾಡೋದಾದ್ರೆ ಹತ್ತನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಖಾಲಿ ಬಿಡಿ, ನೀರು ಐಸಾದಾಗ ಸುಮಾರು 9 ಪರ್ಸೆಂಟ್ ಹಿಗ್ಗತ್ತೆ. ಖಾಲಿ ಜಾಗ ಉಳಿದ್ರೆ ಟವೆಲ್ ತುರುಕಿ. ಹಸಿ ಮಾಂಸ, ಮೀನು ನೀರು ಇಳಿಯದ ಡಬ್ಬದಲ್ಲಿಟ್ಟು ತಳದಲ್ಲಿಡಿ, ಅದರ ನೀರು ಹಣ್ಣಿಗೆ ತಾಗಬಾರದು.

ಕರಗಿದ ನೀರು ಹೊರಗೆ ಬಿಡ್ಬೇಕಾ ಬೇಡ್ವಾ ಅಂತ ತುಂಬಾ ಜನ ಕೇಳ್ತಾರೆ. ಐಸ್ ತೇಲ್ತಾ ಇರೋವರೆಗೂ ಆ ನೀರು 0 ಡಿಗ್ರಿ ಹತ್ತಿರಾನೇ ಇರತ್ತೆ, ಬಾಟಲಿಗಳ ಸಂದಿ ತುಂಬಿ ಗಾಳಿಗಿಂತ ಚೆನ್ನಾಗಿ ತಂಪು ಮುಟ್ಟಿಸತ್ತೆ, ಹಾಗಾಗಿ ಕುಡಿಯೋ ಬಾಕ್ಸಲ್ಲಿ ಬಿಡೋದೇ ಬೇಡ. ಹೊಸ ಐಸ್ ಹಾಕೋವಾಗ ಬಿಡಿ, ವಾಪಸ್ ಎಳೆಯೋ ಮುಂಚೆ ಬಿಡಿ, ಸುಮ್ನೆ 10 ಕೆಜಿ ನೀರು ಯಾಕೆ ಎಳೀಬೇಕು. ಊಟದ ಬಾಕ್ಸಲ್ಲಿ ಮಾತ್ರ ಊಟ ನೀರಲ್ಲಿ ಮುಳುಗೋಕೆ ಬಿಡಬಾರದು.

ಒಳಗೊಂದು ಸಣ್ಣ ಥರ್ಮಾಮೀಟರ್ ಇಡಿ, ಇದು ಮಾತ್ರ ಬಿಡ್ಲೇಬೇಡಿ. ಬೇಗ ಕೆಡೋ ಊಟ 4 ಡಿಗ್ರಿ ಅಥವಾ ಕೆಳಗಿರ್ಬೇಕು, 4ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯತ್ತೆ. ಊಟ 4 ಡಿಗ್ರಿಗಿಂತ ಮೇಲೆ ಒಟ್ಟು 2 ಗಂಟೆ ದಾಟಿದ್ರೆ ಎಸೀರಿ, ಹೊರಗೆ 32 ಡಿಗ್ರಿ ಮೀರಿದ್ರೆ 1 ಗಂಟೆ ಮಾತ್ರ. ವಾಸನೆ ಬರ್ತಿಲ್ಲ, ಚೆನ್ನಾಗಿದೆ ಅಂತ ಮಕ್ಕಳಿಗೆ ಕೊಡ್ಬೇಡಿ, ಕೆಟ್ಟಿದ್ದೆಲ್ಲ ವಾಸನೆ ಬರಲ್ಲ.

ಡ್ರೈ ಐಸ್, ಅಂದ್ರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್, ಬಳಸೋರಿಗೆ ಎಚ್ಚರಿಕೆ. ಅದು ಮೈನಸ್ 78 ಡಿಗ್ರಿ ಇರತ್ತೆ, ಬರಿಗೈಲಿ ಮುಟ್ಟಿದ್ರೆ ಚರ್ಮ ಸುಡತ್ತೆ, ನೀರಾಗದೆ ನೇರ ಅನಿಲ ಆಗತ್ತೆ. ಗಾಳಿಯಾಡದ ಬಾಕ್ಸಲ್ಲಿ ಬಿಗಿಯಾಗಿ ಮುಚ್ಚಿದ್ರೆ ಒತ್ತಡ ಏರಿ ಸಿಡಿಯಬಹುದು, ಕಿಟಕಿ ಮುಚ್ಚಿದ ಕಾರಲ್ಲಿ, ಟೆಂಟಲ್ಲಿ ಇಟ್ರೆ ಉಸಿರಾಟಕ್ಕೆ ಅಪಾಯ. ಎರಡು ದಿನದ ಟ್ರಿಪ್ಪಿಗೆ ಇದರ ಗೊಡವೆನೇ ಬೇಡ ಅಂತೀನಿ.

ಹೆಜ್ಜೆ 8: ವಾಪಸ್ ಬಂದ ರಾತ್ರಿ

ಎಷ್ಟೇ ಸುಸ್ತಾಗಿದ್ರೂ ಅವತ್ತೇ ಮಾಡಿ. ಚಕ್ರ ಮತ್ತೆ ಆಕ್ಸಲಿಗೆ ಸಿಹಿ ನೀರು ಬಿಟ್ಟು ಮರಳು ಉಪ್ಪು ತೊಳೀರಿ, ಹ್ಯಾಂಡಲ್ ಕೀಲಿಗೂ ಬಿಡಿ, ಒಣಗಿದ್ಮೇಲೆ ಆಕ್ಸಲಿಗೆ ಒಂದು ಹನಿ ಎಣ್ಣೆ. ಒಳಗೆ ಸೋಪು ನೀರು, ವಾಸನೆ ಇದ್ರೆ ಅಡಿಗೆ ಸೋಡಾ ಕಲೆಸಿ ಉಜ್ಜಿ, ಗ್ಯಾಸ್ಕೆಟ್ ಮಡಿಕೆಯೊಳಗೆ ಬಟ್ಟೆ ಆಡ್ಸಿ, ಕಪ್ಪು ಬೂಷ್ಟು ಶುರುವಾಗೋದು ಅಲ್ಲೇ. ಬಿರಡೆ ತೆಗೆದು, ಚಕ್ರದ ಮೇಲೆ ಭಾರ ಬೀಳದ ಹಾಗೆ ನೆರಳಲ್ಲಿಡಿ. ಮುಚ್ಚಳದ ಸಂದಿಗೆ ಮಡಚಿದ ಬಟ್ಟೆ ಒಂದು ಸಿಕ್ಕಿಸಿ, ಮುಂದಿನ ಟ್ರಿಪ್‌ವರೆಗೂ ಹಾಗೇ ಸ್ವಲ್ಪ ತೆರೆದೇ ಇರ್ಲಿ.